ನಮ್ಮ ಬಯಲಿಗೆ ಈ ಸಲ ಹಳದಿ ಸಿಪಿಲೆ ಹಕ್ಕಿ ಬಂದಿಲ್ಲ. ನಿಮ್ಮ ಕಡೆ ಬಂದಿದೆಯಾ?

ಬಯಲುಕರೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಮನೆ ಎದುರು ಬಯಲು, ಬಯಲು ದಾಟಿದರೆ ತೋಡು (ಸಣ್ಣ ಹಳ್ಳ), ತೋಡಿನ ಆಚೆ ಪದವು (ಮುರಕಲ್ಲಿನ ಹುಲ್ಲುಗುಡ್ಡ). ಹಕ್ಕಿ ನೋಡಲು ನಾನು ದೂರ ಎಲ್ಲೂ ಹೋಗುವುದಿಲ್ಲ. ಬೆಳಿಗ್ಗೆ ಸೊಸೈಟಿಗೆ ಹಾಲು ಕೊಟ್ಟು ಬರುವಾಗ ಗದ್ದೆ ಹುಣಿಯಲ್ಲಿ (ಬದುವಿನಲ್ಲಿ) ಅರ್ಧ ಗಂಟೆ ನಿಲ್ಲುತ್ತೇನೆ, ಅಷ್ಟೇ. ಕಂಡದ್ದನ್ನು ಒಂಬತ್ತು ವರ್ಷದಿಂದ ಒಂದು ಲೆಕ್ಕದ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡುತ್ತಿದ್ದೇನೆ.

ಹಳದಿ ಸಿಪಿಲೆ ಸೆಪ್ಟೆಂಬರ್ ಕೊನೆಗೆ ಬಂದೇ ಬರುತ್ತಿತ್ತು. ತಡವಾದರೆ ಅಕ್ಟೋಬರ್ ಮೊದಲ ವಾರ. ಏಣೆಲು (ಮಳೆಗಾಲದ ಭತ್ತ) ಕೊಯ್ದ ಗದ್ದೆಯಲ್ಲಿ ಕೂಳೆಗಳ ಮಧ್ಯೆ ಓಡುವುದು, ನಿಲ್ಲುವುದು, ಬಾಲ ಕುಣಿಸುವುದು, ಮತ್ತೆ ಓಡುವುದು. ಇವತ್ತು ಅಕ್ಟೋಬರ್ 19. ಒಂದೂ ಕಂಡಿಲ್ಲ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಹೋದ ಬೇಸಿಗೆಯಲ್ಲಿ ನಮ್ಮ ಬಯಲಿನ ಐದು ಮನೆಯವರ ಗದ್ದೆಗೆ ಅಡಿಕೆ ಸಸಿ ಬಿತ್ತು. ಅದರಲ್ಲಿ ಅರ್ಧ ಎಕರೆ ನಮ್ಮದೇ. ಅಪ್ಪ ಒಬ್ಬರಿಂದ ಗದ್ದೆ ಕೆಲಸ ಆಗುವುದಿಲ್ಲ, ನಾನೂ ತಡೆಯಲಿಲ್ಲ. ಈಗ ಹುಣಿಯಲ್ಲಿ ನಿಂತರೆ ಮನಸ್ಸು ಚುಚ್ಚುತ್ತದೆ.

ನಿಮ್ಮ ಕಡೆ ಬಂದಿದೆಯಾ? ಈ ವರ್ಷ ಎಲ್ಲ ಕಡೆಯೂ ತಡವಾ, ಅಥವಾ ನಮ್ಮ ಬಯಲನ್ನು ಮಾತ್ರ ಬಿಟ್ಟವಾ?

ಪೆರ್ಲದ ತೋಟ

ನಮ್ಮಲ್ಲಿ ಇದೆಯಲ್ಲ! ಕುಂಡೆಕುಸ್ಕ ವರ್ಷವಿಡೀ ಅಂಗಳದಲ್ಲೇ. ಈಗಲೂ ಮಾಡಿನ ಮೇಲೆ ಕುಳಿತು ಹಾಡ್ತಾ ಇದೆ.

ಕಣಿಪುರದ ಹಕ್ಕಿ

ಪೆರ್ಲದ ಅಣ್ಣಾ, ನೀವು ಹೇಳುವುದು ಬಿಳಿಹುಬ್ಬಿನ ಸಿಪಿಲೆ. ಕಪ್ಪು ಬಿಳುಪು, ಕಣ್ಣಿನ ಮೇಲೆ ಅಗಲವಾದ ಬಿಳಿ ಗೆರೆ, ಸೊಗಸಾದ ಹಾಡು. ಅದು ಇಲ್ಲಿಯದೇ ಹಕ್ಕಿ, ಇಲ್ಲೇ ಗೂಡು ಕಟ್ಟುತ್ತದೆ. ಬಯಲುಕರೆಯವರು ಕೇಳುತ್ತಿರುವುದು ವಲಸೆ ಬರುವ ಹಳದಿ ಸಿಪಿಲೆಯನ್ನು. ಅದು ಮರಿ ಮಾಡುವುದು ಕಝಾಕಸ್ತಾನ, ಸೈಬೀರಿಯಾ ಕಡೆ. ಚಳಿಗಾಲಕ್ಕೆ ಮಾತ್ರ ನಮ್ಮ ಗದ್ದೆಗೆ.

ಇನ್ನೊಂದು ಇದೆ, ಬೂದು ಸಿಪಿಲೆ. ಅದರ ಹೊಟ್ಟೆಯೂ ಹಳದಿ, ಅದಕ್ಕೇ ಎಷ್ಟೋ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಬೆನ್ನು ಬೂದು, ಬಾಲ ತುಂಬ ಉದ್ದ, ಕಾಲು ತಿಳಿ ಬಣ್ಣ. ತೋಡಿನ ಕಲ್ಲಿನ ಮೇಲೆ ಒಂಟಿಯಾಗಿ ಇರುತ್ತದೆ. ಹಳದಿ ಸಿಪಿಲೆಯ ಕಾಲು ಕಪ್ಪು, ಬೆನ್ನು ಹಸಿರು ಬೆರೆತ ಕಂದು, ಇರುವುದು ಬಯಲಿನಲ್ಲಿ, ಗುಂಪಾಗಿ.

ಕುಂಬಳೆ ಹೊಳೆಯ ಈಚೆ ನಮ್ಮ ಗದ್ದೆಗೆ ಅಕ್ಟೋಬರ್ 5ಕ್ಕೇ ಬಂದಿವೆ. ಹಾಗಾಗಿ ಎಲ್ಲ ಕಡೆ ತಡ ಅಂತ ಹೇಳಲಾರೆ.

ಪೆರ್ಲದ ತೋಟ

ಓ, ಹಾಗಾ. ಗೊತ್ತಿರಲಿಲ್ಲ. ತೋಡಿನ ಕಲ್ಲಿನ ಮೇಲೆ ಉದ್ದ ಬಾಲದ್ದು ಬಂದು ತಿಂಗಳಾಯಿತು. ಅದೂ ಇದೂ ಒಂದೇ ಅಂದುಕೊಂಡಿದ್ದೆ.

ಮಾಷ್ ಮುಳ್ಳೇರಿಯ

ಬೂದು ಸಿಪಿಲೆ ಬೇಗ ಬರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರುವಿಗೇ ತೋಡುಗಳಲ್ಲಿ ಕಾಣುತ್ತದೆ. ಸೋಣ ತಿಂಗಳ ಮಳೆ ನಿಲ್ಲುವ ಮೊದಲೇ "ಚಿಟ್ ಚಿಟ್" ಅಂತ ಚೂಪಾದ ದನಿ ಕೇಳಿದರೆ ಅದೇ. ನಾನು ಮೂವತ್ತು ವರ್ಷ ಶಾಲೆಗೆ ನಡೆದು ಹೋದ ದಾರಿಯಲ್ಲಿ ಒಂದು ಮೋರಿ ಇತ್ತು. ಪ್ರತಿ ವರ್ಷ ಅದೇ ಮೋರಿಯ ಮೇಲೆ ಒಂದು ಬೂದು ಸಿಪಿಲೆ. ಅದೇ ಹಕ್ಕಿಯಾ ಅಂತ ಮಕ್ಕಳು ಕೇಳುತ್ತಿದ್ದರು. ಕಾಲಿಗೆ ಗುರುತಿನ ಉಂಗುರ ತೊಡಿಸದೆ ಖಚಿತ ಹೇಳಲಿಕ್ಕಾಗುವುದಿಲ್ಲ ಅಂತ ಹೇಳುತ್ತಿದ್ದೆ. ಆದರೆ ವಲಸೆ ಹಕ್ಕಿಗಳು ಹೋದ ವರ್ಷದ ಜಾಗಕ್ಕೇ ಮರಳಿ ಬರುತ್ತವೆ ಎನ್ನುವುದು ಉಂಗುರ ತೊಡಿಸಿ ನೋಡಿದವರಿಗೆ ಮತ್ತೆ ಮತ್ತೆ ಕಂಡ ಸಂಗತಿ.

ಬಯಲುಕರೆಯವರ ಪ್ರಶ್ನೆ ಮುಖ್ಯವಾಗುವುದು ಅಲ್ಲೇ. ಸಾವಿರಾರು ಕಿಲೋಮೀಟರ್ ಹಾರಿ ಅದೇ ಬಯಲಿಗೆ ಬಂದಾಗ ಬಯಲೇ ಇಲ್ಲದಿದ್ದರೆ ಅದು ಏನು ಮಾಡಬೇಕು?

ಬೇಡಡ್ಕದ ಕೃಷಿಕ

ಮಾಷೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಹಕ್ಕಿ ಏನು ಮಾಡಬೇಕು ಅಂತ ಕೇಳುತ್ತೀರಿ. ಗದ್ದೆ ಮಾಡುವವ ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ನೇಜಿ (ಭತ್ತದ ಸಸಿ) ನೆಡಲು ಜನ ಇಲ್ಲ. ನೆಟ್ಟರೆ ಕಾಡುಹಂದಿ. ಹಂದಿಯಿಂದ ಉಳಿದರೆ ನವಿಲು. ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ನವಿಲೇ ಇರಲಿಲ್ಲ. ಈಗ ತೆನೆ ಹಾಲು ತುಂಬುವ ಹೊತ್ತಿಗೆ ಹಿಂಡಾಗಿ ಬಂದು ತುಳಿದು ತಿಂದು ಹೋಗುತ್ತವೆ. ಅಡಿಕೆಗೆ ರೇಟ್ ಇದೆ, ಭತ್ತಕ್ಕೆ ಏನಿದೆ? ಬಯಲುಕರೆಯವರು ಬೇಜಾರು ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಹೊಟ್ಟೆಪಾಡು ಮೊದಲು.

ಕಣಿಪುರದ ಹಕ್ಕಿ

ನವಿಲಿನ ವಿಷಯ ನಿಜ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಲ್ಲೂ ನವಿಲು ಜಾಸ್ತಿಯಾಗಿದೆ, ಮೊದಲು ಇಲ್ಲದ ಕಡೆಗೂ ಹರಡಿದೆ ಅಂತ ಇದೆ. ಅದೇ ವರದಿಯಲ್ಲಿ ದೂರದಿಂದ ವಲಸೆ ಬರುವ ಹಕ್ಕಿಗಳು ಕಡಿಮೆಯಾಗುತ್ತಿವೆ ಅಂತಲೂ ಇದೆ. ಎರಡನ್ನೂ ಒಟ್ಟಿಗೆ ನೋಡಬೇಕಲ್ವಾ?

ಕೇರಳದಲ್ಲಿ ಗದ್ದೆ ಮತ್ತು ಜೌಗು ಜಾಗ ಉಳಿಸಲು 2008ರಿಂದ ಕಾಯ್ದೆಯೂ ಇದೆ ಅನ್ನುವುದನ್ನು ಮರೆಯಬೇಡಿ.

ಬೇಡಡ್ಕದ ಕೃಷಿಕ

ಕಾಯ್ದೆ ಗೊತ್ತಿದೆ. ಕಾಯ್ದೆ ಬಂದು ನೇಜಿ ನೆಡುವುದಿಲ್ಲ.

ಎಣ್ಮಕಜೆಯವಳು

ಅಡಿಕೆ ತೋಟದಲ್ಲಿ ಹಕ್ಕಿಯೇ ಇಲ್ಲ ಎನ್ನುವ ಹಾಗೆ ಮಾತಾಡಬೇಡಿ ದಯವಿಟ್ಟು. ನಮ್ಮ ತೋಟಕ್ಕೆ ಪ್ರತಿ ಚಳಿಗಾಲ ಕಾಡು ಸಿಪಿಲೆ ಬರುತ್ತದೆ. ನೋಡಿದ್ದೀರಾ? ಎದೆಯಲ್ಲಿ ಎರಡು ಕಪ್ಪು ಪಟ್ಟಿ, ರೆಕ್ಕೆಯಲ್ಲಿ ಬಿಳಿ ಪಟ್ಟಿ. ಬೇರೆ ಸಿಪಿಲೆಗಳೆಲ್ಲ ಬಾಲವನ್ನು ಮೇಲೆ ಕೆಳಗೆ ಕುಣಿಸಿದರೆ ಇದು ಮಾತ್ರ ಆಚೆ ಈಚೆ ಆಡಿಸುತ್ತದೆ. ಆಗ ಸೊಂಟವೂ ಜೊತೆಗೆ ತೂಗುತ್ತದೆ. ಸೋಗೆ ಬಿದ್ದ ಜಾಗದಲ್ಲಿ ಸದ್ದಿಲ್ಲದೆ ನಡೆಯುತ್ತಾ ಎಲೆ ಎತ್ತಿ ಎತ್ತಿ ಹುಳ ಹುಡುಕುತ್ತದೆ. ನಾವು ಅಡಿಕೆ ಹೆಕ್ಕುತ್ತಿದ್ದರೆ ಹತ್ತು ಮಾರು ದೂರದಲ್ಲಿ ಅದರ ಕೆಲಸ ಅದಕ್ಕೆ.

ಆದರೆ ನೆಲದಲ್ಲಿ ತರಗೆಲೆ ಇರಬೇಕು, ತೇವ ಇರಬೇಕು. ಕಳೆನಾಶಕ ಹೊಡೆದು ನೆಲ ಬೋಳಿಸಿದ ತೋಟಕ್ಕೆ ಅದು ಇಳಿಯುವುದಿಲ್ಲ. ಪಕ್ಕದ ತೋಟದಲ್ಲಿ ಒಂದೂ ಇಲ್ಲ, ನಮ್ಮಲ್ಲಿ ಮೂರು ನಾಲ್ಕು ಇರುತ್ತವೆ. ಮಧ್ಯೆ ಇರುವುದು ಒಂದು ಅಗಳು ಮಾತ್ರ. ನಮ್ಮ ಪಂಚಾಯತಿನವರಿಗೆ ವಿಷದ ಬಗ್ಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದ ಊರು ಇದು.

ಪದವಿನ ಹುಡುಗ

ಅಕ್ಕ ಹೇಳಿದ್ದು ಸರಿ. ಆದರೆ ಅಕ್ಕಾ, ಕಾಡು ಸಿಪಿಲೆ ಬಂತು ಅಂತ ಹಳದಿ ಸಿಪಿಲೆಯ ಲೆಕ್ಕ ಸರಿಹೋಗುವುದಿಲ್ಲ. ಅದಕ್ಕೆ ನೆರಳು ಬೇಕು, ಇದಕ್ಕೆ ಬಯಲು ಬೇಕು. ಉಲ್ಲಂಕಿಗೆ ಕೆಸರು ಬೇಕು. ಅಡಿಕೆ ತೋಟದಲ್ಲಿ ಉಲ್ಲಂಕಿ ಎಲ್ಲಿ ಕೊಕ್ಕು ಊರುತ್ತದೆ?

ಪದವಿನ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನು ಹೇಳುತ್ತೇನೆ. ಸರಕಾರದ ಕಾಗದದಲ್ಲಿ ಪದವು ಅಂದರೆ ಪಾಳು ಜಾಗ. ಈಗ ಹೋಗಿ ನೋಡಿ. ಮುಳಿಹುಲ್ಲು ಒಣಗಲು ಶುರುವಾಗಿದೆ, ಪಳ್ಳದಲ್ಲಿ ಇನ್ನೂ ನೀರಿದೆ. ಹೋದ ಭಾನುವಾರ ಸಂಜೆ ಪೆಸಿಫಿಕ್ ಗೋಲ್ಡನ್ ಪ್ಲೋವರ್ ಹದಿನಾಲ್ಕು ಇದ್ದವು. ಸೈಬೀರಿಯಾದ ತುಂಡ್ರಾದಲ್ಲಿ ಮೊಟ್ಟೆ ಇಡುವ ಹಕ್ಕಿ ನಮ್ಮ ಮುರಕಲ್ಲಿನ ಮೇಲೆ! ಕಲ್ಲಿನ ಬಣ್ಣಕ್ಕೂ ಅದರ ಬೆನ್ನಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದು ಅಲ್ಲಾಡಿದಾಗ ಮಾತ್ರ ಓ, ಇಲ್ಲೊಂದು ಅಂತ ಗೊತ್ತಾಗುವುದು. ಹುಲ್ಲಿನ ಮೇಲೆ ತಗ್ಗಾಗಿ ಹಾರುವ ಸೆಳೆವ ಎಂಬ ಬೇಟೆ ಹಕ್ಕಿ ಕೂಡ ಬರುವ ಸಮಯ.

ಅದೇ ಪದವಿನ ಇನ್ನೊಂದು ತುದಿಯಲ್ಲಿ ಕೆಂಪುಕಲ್ಲಿನ ಕೋರೆ. ವರ್ಷ ವರ್ಷ ಹತ್ತಿರ ಬರುತ್ತಿದೆ.

ಪೈವಳಿಕೆ ಅಕ್ಕ

ವಿಷಯಾಂತರಕ್ಕೆ ಕ್ಷಮಿಸಿ, ಆದರೆ ಇಲ್ಲಿ ಗೊತ್ತಿರುವವರು ಇದ್ದೀರಿ, ಕೇಳಿಯೇ ಬಿಡುತ್ತೇನೆ.

ಮೊನ್ನೆ ರಾತ್ರಿ ಹತ್ತೂವರೆಗೆ ಸಿಟ್‌ಔಟಿನ ಗಾಜಿಗೆ ಏನೋ ಧಡ್ ಅಂತ ಬಡಿಯಿತು. ಬಾಗಿಲು ತೆಗೆದು ನೋಡಿದರೆ ಮೆಟ್ಟಿಲ ಮೇಲೆ ಒಂದು ಹಕ್ಕಿ. ಮೈನಾಕ್ಕಿಂತ ಸಣ್ಣದು, ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಮೋಟು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ಅಡಿಯಲ್ಲಿ ಕುಂಕುಮದ ಕೆಂಪು. ಕಣ್ಣು ಅರ್ಧ ಮುಚ್ಚಿತ್ತು. ಎತ್ತಿಕೊಂಡರೆ ತೂಕವೇ ಇಲ್ಲ. ಅಂಗೈಗೆ ಅದರ ಎದೆ ಬಡಿತ ಮಾತ್ರ ತಾಗುತ್ತಿತ್ತು. ಅತ್ತೆ ನೋಡಿ "ನವರಂಗ" ಅಂದರು.

ಚಮಚದಲ್ಲಿ ನೀರು ಕುಡಿಸಿ ಅಂತ ನೆರೆಮನೆಯವರು ಹೇಳಿದರು. ನನಗೆ ಧೈರ್ಯ ಬರಲಿಲ್ಲ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಹಳೆ ಬೈರಾಸು ಹಾಸಿ ಒಳಗಿಟ್ಟೆ. ಬೆಳಿಗ್ಗೆ ಆರಕ್ಕೆ ಪೆಟ್ಟಿಗೆಯೊಳಗೆ ಸದ್ದು. ತೋಟದ ಬದಿಗೆ ತಂದು ಮುಚ್ಚಳ ತೆಗೆದೆ. ಒಂದು ನಿಮಿಷ ಅಲ್ಲೇ ಕುಳಿತು ನನ್ನನ್ನೇ ನೋಡಿತು. ಮತ್ತೆ ಕುಪ್ಪಳಿಸಿ ಬಸಳೆ ಚಪ್ಪರದ ಅಡಿಗೆ ಹೋಯಿತು. ನಾನು ಮಾಡಿದ್ದು ಸರಿಯಾ?

ಕಣಿಪುರದ ಹಕ್ಕಿ

ಅಕ್ಕಾ, ನೂರಕ್ಕೆ ನೂರು ಸರಿ! ಬಾಯಿಗೆ ನೀರು ಬಿಡಲೇಬಾರದು. ಶ್ವಾಸದ ದಾರಿಗೆ ಹೋದರೆ ಅಲ್ಲೇ ಸಾಯುತ್ತದೆ. ಕತ್ತಲೆ, ಗಾಳಿ, ಮೌನ, ಇಷ್ಟೇ ಬೇಕಾದದ್ದು. ನಡುನಡುವೆ ತೆರೆದು ನೋಡಬಾರದು, ಮಕ್ಕಳಿಗೆ ಮುಟ್ಟಲು ಕೊಡಬಾರದು. ಹಗಲಾದರೆ ಒಂದೆರಡು ಗಂಟೆಯಲ್ಲಿ ಬಿಡಬಹುದು, ರಾತ್ರಿಯಾದರೆ ಬೆಳಗಿನವರೆಗೆ ಇಡುವುದೇ ಒಳ್ಳೆಯದು. ರೆಕ್ಕೆ ಜೋತಿದ್ದರೆ, ರಕ್ತ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ನವರಂಗ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿ ಮಾಡಿ ಈ ಸಮಯಕ್ಕೆ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಹೋಗುತ್ತದೆ. ಹಾರುವುದು ರಾತ್ರಿ. ದಣಿದು ತಗ್ಗಿ ಬಂದಾಗ ಮನೆಯ ಲೈಟಿಗೆ ದಾರಿ ತಪ್ಪುತ್ತದೆ. ಅಕ್ಟೋಬರಿನಲ್ಲಿ ಅಂಗಳ, ಬಾವಿಕಟ್ಟೆ, ಅಡುಗೆಮನೆಯಲ್ಲೆಲ್ಲ ನವರಂಗ ಸಿಗುವುದು ಇದಕ್ಕೇ. ಒಂದು ಕೆಲಸ ಮಾಡಿ, ಇನ್ನೊಂದು ತಿಂಗಳು ಹೊರಗಿನ ದೊಡ್ಡ ಲೈಟನ್ನು ರಾತ್ರಿ ಆರಿಸಿಬಿಡಿ.

ಮಾಷ್ ಮುಳ್ಳೇರಿಯ

ತಮಿಳಿನಲ್ಲಿ ನವರಂಗಕ್ಕೆ "ಆರುಮಣಿ ಕುರುವಿ" ಅಂತ ಹೆಸರು. ಬೆಳಿಗ್ಗೆ ಆರು, ಸಂಜೆ ಆರರ ಹೊತ್ತಿಗೆ ಕೂಗುವುದಕ್ಕೆ. ಮಲಯಾಳದವರು ಕಾವಿ ಅನ್ನುತ್ತಾರೆ. ಅಕ್ಕ, ನಾಳೆ ಸಂಜೆ ತೋಟದ ಬದಿಯಲ್ಲಿ ಕಿವಿಗೊಟ್ಟು ನಿಲ್ಲಿ. ಎರಡು ಸ್ವರದ ಸಿಳ್ಳೆ ಕೇಳಿದರೆ ಅದು ಉಳಿದುಕೊಂಡಿದೆ ಅಂತ ಅರ್ಥ.

ಪೈವಳಿಕೆ ಅಕ್ಕ

ಸಂಜೆ 6:10ಕ್ಕೆ ಕೇಳಿತು ಮಾಷೇ!! ಅತ್ತೆಯೂ ಕೇಳಿದರು. ಲೈಟ್ ಆರಿಸಿದ್ದೇವೆ.

ಪೆರ್ಲದ ತೋಟ

ಅಕ್ಕ, ಓದಿ ಖುಷಿಯಾಯಿತು. ನಮ್ಮಲ್ಲಿ ಹೀಗೆ ಬಿದ್ದದ್ದನ್ನು ಹೋದ ವರ್ಷ ಬೆಕ್ಕು ಕೊಂಡುಹೋಯಿತು. ಆಗ ಇದೆಲ್ಲ ಗೊತ್ತಿರಲಿಲ್ಲ.

ಉಪ್ಪಳ-ದುಬೈ

ನಾನು ದುಬೈಯಲ್ಲಿದ್ದೇನೆ. ಇಲ್ಲಿ ರಸ್ತೆ ಬದಿಯ ಹುಲ್ಲಿನಲ್ಲಿ ಈಗ ಬಿಳಿ ಸಿಪಿಲೆಗಳು ಬಂದಿವೆ. ರಾಸ್ ಅಲ್ ಖೋರ್‌ನಲ್ಲಿ ರಾಜಹಂಸ ನೋಡಲು ರಜೆಯ ದಿನ ಹೋಗುತ್ತೇವೆ. ಊರಲ್ಲಿದ್ದಾಗ ಶಿರಿಯ ಅಳಿವೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ, ಕಾಂಡ್ಲದ (ಮ್ಯಾಂಗ್ರೋವ್) ಬದಿಯಲ್ಲಿ ವಿಂಬ್ರೆಲ್ ಹಕ್ಕಿಗಳು ಇರುತ್ತಿದ್ದವು. ಯಾರಾದರೂ ಈ ವರ್ಷ ಹೋಗಿದ್ದೀರಾ? ಕಡಲಕ್ಕಿ ಬಂದಿದೆಯಾ?

ಕಣಿಪುರದ ಹಕ್ಕಿ

ವಿಂಬ್ರೆಲ್ ಇವೆ, ಹೋದ ವಾರ ಆರು ಎಣಿಸಿದೆ. ಕಂದು ತಲೆಯ ಕಡಲಕ್ಕಿ ದೊಡ್ಡ ಸಂಖ್ಯೆಯಲ್ಲಿ ಬರಲು ನವೆಂಬರ್ ಆಗಬೇಕು. ಅವು ಲಡಾಖ್, ಟಿಬೆಟ್‌ನ ಸರೋವರಗಳಿಂದ ಇಳಿಯಬೇಕಲ್ಲ. ಜಿಲ್ಲೆಯ ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು ಮಾತ್ರ ಎಂದಿನ ಹಾಗೆ ಅಳಿವೆಯ ಮೇಲೆ ಸುತ್ತುತ್ತಿತ್ತು.

ಪೆರ್ಲದ ತೋಟ

ಜಿಲ್ಲೆಗೂ ಒಂದು ಹಕ್ಕಿ ಇದೆಯಾ?

ಮಾಷ್ ಮುಳ್ಳೇರಿಯ

ಇದೆ. 2023ರಲ್ಲಿ ಘೋಷಿಸಿದರು. ಹಕ್ಕಿ ಕಡಲ ಹದ್ದು, ಮರ ಕಾಸರಕ. ಊರಿನ ಹೆಸರಿಗೂ ಆ ಮರಕ್ಕೂ ನಂಟು ಹೇಳುತ್ತಾರಲ್ಲ.

ಪದವಿನ ಹುಡುಗ

ಯಾರಾದರೂ ತುಲಾತುಂಬಿ, ಅಂದರೆ ಏರೋಪ್ಲೇನ್ ಚಿಟ್ಟೆ (ಡ್ರ್ಯಾಗನ್‌ಫ್ಲೈ), ಗಮನಿಸಿದ್ದೀರಾ? ಸಂಜೆ ಅಂಗಳದ ಮೇಲೆ ನೂರಾರು ಹಾರುತ್ತಿವೆ. ಈ ಹಳದಿ ತುಂಬಿಗಳು ನಮ್ಮ ದೇಶದಿಂದ ಮಾಲ್ದೀವ್ಸ್ ಮೇಲಿಂದ ಆಫ್ರಿಕಾಕ್ಕೆ ಸಮುದ್ರ ದಾಟುತ್ತವೆ ಅಂತ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಬರೆದರು. ಅಮುರ್ ಚಾಣ ಹಕ್ಕಿಯೂ ಅದೇ ಸಮಯದಲ್ಲಿ ಅರಬ್ಬಿ ಸಮುದ್ರ ದಾಟುತ್ತದೆ. ದಾರಿಯಲ್ಲಿ ಈ ತುಂಬಿಗಳೇ ಅದಕ್ಕೆ ಬುತ್ತಿ ಇರಬಹುದು ಅಂತ ಅವರ ಊಹೆ. ನಮ್ಮಲ್ಲಿ ನೀಲಿಬಾಲದ ಕಳ್ಳಿಪೀರ ಬಂದಿದೆ, ಲೈನ್ ಕಂಬದ ತಂತಿಯಿಂದ ಹಾರಿ ತುಂಬಿ ಹಿಡಿದು ತಂತಿಗೇ ಬಡಿದು ತಿನ್ನುತ್ತದೆ.

ಎಣ್ಮಕಜೆಯವಳು

ಇಷ್ಟು ದೂರ ಯಾಕೆ ಬರುತ್ತವೆ ಅಂತ ಮಗಳು ಕೇಳಿದಳು. ಚಳಿಗೆ ಅಂತ ಹೇಳಿದೆ. ಸರಿಯಾ?

ಮಾಷ್ ಮುಳ್ಳೇರಿಯ

ಅರ್ಧ ಸರಿ. ಗರಿಯ ಹೊದಿಕೆ ಇರುವ ಹಕ್ಕಿ ಚಳಿ ತಡೆಯಬಲ್ಲದು. ತಡೆಯಲಾಗದ್ದು ಹಸಿವು. ಅಲ್ಲಿ ನೆಲ ಹೆಪ್ಪುಗಟ್ಟಿದರೆ ಹುಳ ಇಲ್ಲ. ಹಗಲು ಗಿಡ್ಡವಾಗುತ್ತಾ ಬರುವುದೇ ಅವಕ್ಕೆ ಸೂಚನೆ. ಮೈಯಲ್ಲಿ ಕೊಬ್ಬು ಕೂಡಿಸಿಕೊಂಡು ಹೊರಡುತ್ತವೆ. ಕೋಗಿಲೆ ಜಾತಿಯ ಎಷ್ಟೋ ಮರಿಗಳು ಅಪ್ಪ ಅಮ್ಮನನ್ನೇ ಕಾಣದೆ ಬೆಳೆದು, ಮೊದಲ ಸಲವೇ ಒಂಟಿಯಾಗಿ ಸರಿಯಾದ ದಿಕ್ಕಿಗೆ ಹಾರುತ್ತವೆ. 2022ರಲ್ಲಿ ಒಂದು ಬಾರ್ ಟೈಲ್ಡ್ ಗಾಡ್‌ವಿಟ್ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನದಲ್ಲಿ 13,560 ಕಿಲೋಮೀಟರ್ ಹಾರಿತು. ಆಗ ಅದರ ವಯಸ್ಸು ಐದು ತಿಂಗಳು. ಮಗಳಿಗೆ ಇದನ್ನು ಹೇಳಿ.

ಕಣಿಪುರದ ಹಕ್ಕಿ

ಬಯಲುಕರೆಯವರೇ, ಮೂಲ ಪ್ರಶ್ನೆಗೆ ಬರುತ್ತೇನೆ. ಒಂದು ಅನುಮಾನ. ನೀವು ಹಳದಿ ಬಣ್ಣವನ್ನು ಹುಡುಕುತ್ತಿದ್ದೀರಾ? ಈ ವರ್ಷ ಹುಟ್ಟಿದ ಮರಿಗಳು ಅಕ್ಟೋಬರಿನಲ್ಲಿ ತುಂಬ ಮಂಕು. ಕೆಲವಕ್ಕೆ ಹಳದಿಯೇ ಕಾಣುವುದಿಲ್ಲ, ಮಣ್ಣಿನ ಬಣ್ಣ. ಒಣ ಕೂಳೆಯ ಮಧ್ಯೆ ಕಣ್ಣು ತಪ್ಪಿಸುವುದು ಸುಲಭ. ದನಿ ಕೇಳಿ. ಎದ್ದು ಹಾರುವಾಗ "ಸ್ವೀಪ್" ಅಂತ ಎಳೆದ ಒಂದೇ ಸ್ವರ, ಹಾರಾಟ ಅಲೆಯ ಹಾಗೆ ಏರಿ ಇಳಿದು. ಇನ್ನೊಂದು, ಒಂದೇ ಹುಣಿಯಲ್ಲಿ ನಿಲ್ಲಬೇಡಿ. ಬಯಲು ಬದಲಾಗಿದೆ ಅಂದಮೇಲೆ ನೀವೂ ಜಾಗ ಬದಲಿಸಬೇಕು. ಎಲ್ಲಿ ಉಳುತ್ತಿದ್ದಾರೋ ಅಲ್ಲಿಗೆ ಹೋಗಿ.

ಮತ್ತೆ ಆ ಲೆಕ್ಕದ ಪುಸ್ತಕ. ದಯವಿಟ್ಟು ಅದನ್ನು ಹಕ್ಕಿ ದಾಖಲೆ ಕೂಡಿಸುವ ಇಬರ್ಡ್ ಜಾಲತಾಣಕ್ಕೆ ಹಾಕಿ. ಹಳೆ ತಾರೀಕಿನ ಪಟ್ಟಿಗಳನ್ನೂ ತೆಗೆದುಕೊಳ್ಳುತ್ತದೆ. 2015ರಿಂದ 2020ರವರೆಗೆ ಕೇರಳದ ಹಕ್ಕಿ ನಕಾಶೆ ಮಾಡಿದಾಗ ಸ್ವಯಂಸೇವಕರೇ ಊರೂರು ತಿರುಗಿ 361 ಜಾತಿಗಳ 3 ಲಕ್ಷಕ್ಕೂ ಹೆಚ್ಚು ದಾಖಲೆ ಕೂಡಿಸಿದರು. ಆದರೆ ಒಂದೇ ಬಯಲನ್ನು ಒಬ್ಬರೇ ಒಂಬತ್ತು ವರ್ಷ ನೋಡಿದ್ದಕ್ಕೆ ಬೇರೆಯೇ ಬೆಲೆ ಇದೆ. "ಇವತ್ತು ಕಾಣಲಿಲ್ಲ" ಅಂತ ಬರೆದ ದಿನಗಳನ್ನೂ ಬಿಡದೆ ಹಾಕಿ.

ಬಯಲುಕರೆ

ಎರಡು ದಿನ ಉತ್ತರಿಸಲಿಲ್ಲ, ಕ್ಷಮಿಸಿ. ಇವತ್ತು ಬೆಳಿಗ್ಗೆ ನೀವು ಹೇಳಿದ ಹಾಗೆ ಮಾಡಿದೆ. ನನ್ನ ಹುಣಿ ಬಿಟ್ಟು ಬಯಲಿನ ಕೆಳತುದಿಗೆ, ನೀರಿನ ಕಟ್ಟದ (ಒಡ್ಡಿನ) ಹತ್ತಿರ ಹೋದೆ. ಅಲ್ಲಿ ಒಬ್ಬರು ಹಿರಿಯರದ್ದು ಮೂರು ಗದ್ದೆ ಉಳಿದಿದೆ. ಸುಗ್ಗಿ ಬೆಳೆಗೆ (ಭತ್ತದ ಎರಡನೆಯ ಬೆಳೆ) ಟಿಲ್ಲರ್ ಹೊಡೆಸುತ್ತಿದ್ದರು.

ಟಿಲ್ಲರಿನ ಹಿಂದೆ ಬೆಳ್ಳಕ್ಕಿ ಸಾಲು, ಅದರ ಹಿಂದೆ ಸಿಪಿಲೆಗಳು! ಎಣಿಸಿದೆ, ಹನ್ನೊಂದು. ಏಳು ಮಂಕು ಬಣ್ಣದವು, ಮಣ್ಣಿನ ಹೆಂಟೆಯ ಹಾಗೇ ಇದ್ದವು. ನಾಲ್ಕು ಮಾತ್ರ ಚೆನ್ನಾಗಿ ಹಳದಿ. ಮಗುಚಿದ ಮಣ್ಣಿನಿಂದ ಹುಳ ಎದ್ದ ಕೂಡಲೇ ಓಡಿ ಹಿಡಿಯುತ್ತಿದ್ದವು. ಟಿಲ್ಲರ್ ತಿರುಗಿದಾಗ ಎಲ್ಲ ಒಟ್ಟಿಗೆ "ಸ್ವೀಪ್" ಅಂತ ಎದ್ದು, ಮತ್ತೆ ಅದರ ಹಿಂದೆಯೇ ಇಳಿದವು. ಕೆಸರಿನ ಮೂಲೆಯಿಂದ ಒಂದು ಉಲ್ಲಂಕಿಯೂ ಎದ್ದು ಹೋಯಿತು.

ಹಾಗಾಗಿ ಅವು ಬಂದಿವೆ. ತಡವಾಗಿಯೂ ಇಲ್ಲ. "ಹತ್ತು ಹನ್ನೆರಡು ದಿನದಿಂದ ಇವೆ, ನೀನು ಈ ಕಡೆ ಬರಲೇ ಇಲ್ಲ" ಅಂತ ಆ ಹಿರಿಯರೇ ಹೇಳಿದರು. ಆದರೆ ಹೋದ ವರ್ಷ ಇದೇ ಹೊತ್ತಿಗೆ ಪುಸ್ತಕದಲ್ಲಿ 38 ಅಂತ ಇದೆ. ಇಡೀ ಬಯಲಿನದ್ದು ಈಗ ಮೂರು ಗದ್ದೆಯಲ್ಲಿ.

ಅವರಿಗೆ 74 ವರ್ಷ. ಬರುವ ವರ್ಷ ತನ್ನಿಂದ ಆಗದು ಅಂದರು. ಮನೆಗೆ ಬಂದು ಅಪ್ಪನ ಹತ್ತಿರ ಕುಳಿತು ಮಾತಾಡಿದೆ. ಸಸಿ ನೆಟ್ಟದ್ದು ಅರ್ಧ ಎಕರೆ. ಉಳಿದ ಎರಡು ಗದ್ದೆಗೆ ಸಸಿ ಇನ್ನೂ ಹೋಗಿಲ್ಲ, ಅದಕ್ಕೂ ತರಿಸುವುದು ಅಂತ ಮಾತಾಗಿತ್ತು. ಅದನ್ನು ಬಿಟ್ಟು ಈ ಸಲ ಸುಗ್ಗಿ ಮಾಡೋಣ, ಕೆಲಸಕ್ಕೆ ನಾನು ಇಳಿಯುತ್ತೇನೆ ಅಂದೆ. ಅಪ್ಪ "ನೋಡುವ" ಅಂದಿದ್ದಾರೆ. ಬೀಜ ಮಾತ್ರ ನಮ್ಮಲ್ಲಿ ಇಲ್ಲ, ಹೋದ ವರ್ಷವೇ ಮುಗಿಯಿತು.

ಮಾಷ್ ಮುಳ್ಳೇರಿಯ

ಹನ್ನೊಂದು ಅಂತ ಇವತ್ತೇ ಬರೆದಿಡಿ. 38ನ್ನೂ ಪಕ್ಕದಲ್ಲೇ ಬರೆಯಿರಿ.

ಎಣ್ಮಕಜೆಯವಳು

ನೇಜಿ ನೆಡುವ ದಿನ ಹೇಳಿ. ನಾವು ಮೂರು ಜನ ಬರುತ್ತೇವೆ. ಮಗಳಿಗೂ ರಜೆ ಇದ್ದರೆ ನಾಲ್ಕು.

ಬೇಡಡ್ಕದ ಕೃಷಿಕ

ಜ್ಯೋತಿ ಭತ್ತದ ಬೀಜ ನನ್ನ ಹತ್ತಿರ ಇದೆ, ಎರಡು ಗದ್ದೆಗೆ ಸಾಕಾಗುತ್ತದೆ. ದುಡ್ಡು ಬೇಡ, ಕೊಯ್ದ ಮೇಲೆ ಅಷ್ಟೇ ಬೀಜ ತಿರುಗಿ ಕೊಡಿ. ನವಿಲಿಗೆ ಬಲೆ ಕಟ್ಟಬೇಡಿ, ಹಕ್ಕಿ ಸಿಕ್ಕಿಬೀಳುತ್ತದೆ. ಹೊಳೆಯುವ ರಿಬ್ಬನ್ ಎಳೆದು ಕಟ್ಟಿದರೆ ಸ್ವಲ್ಪ ಮಟ್ಟಿಗೆ ಹೆದರುತ್ತವೆ, ಹೇಗೆ ಕಟ್ಟುವುದು ಅಂತ ತೋರಿಸುತ್ತೇನೆ. ಈ ವಾರದೊಳಗೆ ಬಂದು ಬೀಜ ತೆಗೆದುಕೊಂಡು ಹೋಗಿ, ಆಮೇಲೆ ಹಾಕಿದರೆ ಸುಗ್ಗಿಗೆ ನೀರು ಸಾಕಾಗುವುದಿಲ್ಲ.